ಬೆಲ್ಲದ ಹೆಸರು ಅಲ್ಲಿಗೆ, ಸಾಬೂದಾನಿ ಇಲ್ಲಿಗೆ

(ಹಟ್ಟಿಯಲ್ಲಿ ಮಹಿಳೆಯರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)



ಇವತ್ತಿನ ನನ್ನ ಮಾತಿನ ವಿಷಯ ಒಂದು ಪಾಯಸ. ಸಾಬೂದಾನಿ, ಕಾಯಿಹಾಲು, ಬೆಲ್ಲ ಈ ಮೂರೇ ಪದಾರ್ಥಗಳಿಂದ ಆಗುವ ಸಿಹಿ. ಇಲ್ಲಿ ಕುಳಿತಿರುವ ಹಿರಿಯರು ನನ್ನ ವಯಸ್ಸಿನ ಎರಡರಷ್ಟು ಕಾಲ ಅಡಿಗೆ ಮಾಡಿದವರು. ನಿಮಗೆ ಪಾಯಸ ಕಲಿಸುವ ಧೈರ್ಯ ನನಗಿಲ್ಲ. ಆದರೆ ಇದೇ ಪಾಯಸವನ್ನು ಸಮುದ್ರದಾಚೆಗಿನ ಮಲೇಷ್ಯಾದಲ್ಲಿ, ಸಿಂಗಪುರದಲ್ಲಿ ಅಲ್ಲಿನ ತಾಯಂದಿರು ತಮ್ಮ ಸಂಪ್ರದಾಯದ ಸಿಹಿ ಎಂದು ಮಾಡುತ್ತಾರೆ. ನಾವು ನಮ್ಮ ಉಪವಾಸದ ಅಡಿಗೆ ಎಂದು ಮಾಡುತ್ತೇವೆ. ಒಂದೇ ಪದಾರ್ಥ ಎರಡು ನಾಡುಗಳಲ್ಲಿ ಹೀಗೆ ಮನೆಯದಾದದ್ದು ಹೇಗೆ ಎಂಬುದನ್ನು ಹೇಳಿ, ಆ ಸಿಹಿಯನ್ನು ಹಟ್ಟಿಯ ಒಲೆಯ ಮೇಲೆ ಮಾಡುವ ಕ್ರಮವನ್ನೂ ತಿಳಿಸುವುದು ನನ್ನ ಉದ್ದೇಶ.

ಮಲಯ ಭಾಷೆಯಲ್ಲಿ ಈ ಸಿಹಿಯ ಹೆಸರು ‘ಸಾಗು ಗುಲ ಮೆಲಾಕ’. ಹೆಸರು ಹೊಸದೆನಿಸಿದರೂ ಅದರೊಳಗಿನ ಮಾತುಗಳು ನಮಗೆ ಅಷ್ಟೇನೂ ಹೊಸವಲ್ಲ. ‘ಸಾಗು’ ಎಂದರೆ ಸಾಬೂದಾನಿ. ‘ಗುಲ’ ಎಂದರೆ ಸಕ್ಕರೆ ಅಥವಾ ಬೆಲ್ಲ. ಇದು ಸಂಸ್ಕೃತದ ‘ಗುಡ’ ಎಂಬ ಶಬ್ದದಿಂದಲೇ ಅಲ್ಲಿಗೆ ಹೋದದ್ದು. ‘ಮೆಲಾಕ’ ಎಂಬುದು ಮಲಾಕಾ ಪಟ್ಟಣದ ಹೆಸರು. ಸುಮಾರು 1400ರಲ್ಲಿ ಪರಮೇಶ್ವರ ಎಂಬ ರಾಜಕುಮಾರ ಒಂದು ಮರದ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದಾಗ ಅಲ್ಲೇ ಪಟ್ಟಣ ಕಟ್ಟುವ ಮನಸ್ಸು ಮಾಡಿ, ಆ ಮರದ ಹೆಸರನ್ನೇ ಊರಿಗೆ ಇಟ್ಟನೆಂದು ಅಲ್ಲಿನ ಐತಿಹ್ಯ. ಆ ಮರ ಯಾವುದು ಗೊತ್ತೇ? ನಮ್ಮ ಬೆಟ್ಟದ ನೆಲ್ಲಿ. ಸಂಸ್ಕೃತದಲ್ಲಿ ಅದನ್ನು ‘ಆಮಲಕ’ ಎನ್ನುತ್ತಾರೆ.

ಬೆಲ್ಲದ ಹೆಸರು ಇಲ್ಲಿಂದ ಅಲ್ಲಿಗೆ ಹೋಯಿತು. ಸಾಬೂದಾನಿ ಮತ್ತು ಅದರ ಹೆಸರು ಅಲ್ಲಿಂದ ಇಲ್ಲಿಗೆ ಬಂದವು. ಈ ಕೊಡುಕೊಳ್ಳುವಿಕೆಯ ಕಥೆಯೇ ಇಂದಿನ ವಿಷಯ.

ಎರಡು ಚಿನ್ನದ ನಾಡುಗಳು

ಹಟ್ಟಿಯವರಿಗೆ ಆಗ್ನೇಯ ಏಷ್ಯಾದ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಬರ್ಮಾದಿಂದ ಮಲಯದವರೆಗಿನ ಆ ಪ್ರದೇಶಕ್ಕೆ ಇದ್ದ ಹೆಸರು ಸುವರ್ಣಭೂಮಿ. ಅಲ್ಲಿನ ದ್ವೀಪಗಳಿಗೆ ಸುವರ್ಣದ್ವೀಪ. ಚಿನ್ನವನ್ನೇ ನಂಬಿ ಬೆಳೆದ ಹಟ್ಟಿಗೆ ಆ ಹೆಸರು ಕೇಳಿದರೆ ಬಳಗದವರ ಹೆಸರು ಕೇಳಿದಂತಾಗಬೇಕು.

1915ರಲ್ಲಿ ಈ ಭಾಗದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನವನ್ನು ಕಂಡ. ಅದುವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ತಿಳಿದಿದ್ದ ಅರಸ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತು. ಅದೇ ಅಶೋಕನ ಕಾಲದಲ್ಲಿ ಸೋಣ ಮತ್ತು ಉತ್ತರ ಎಂಬ ಇಬ್ಬರು ಭಿಕ್ಷುಗಳನ್ನು ಸುವರ್ಣಭೂಮಿಗೆ ಕಳುಹಿಸಲಾಯಿತೆಂದು ಸಿಂಹಳದ ‘ಮಹಾವಂಶ’ ಹೇಳುತ್ತದೆ.

ಇನ್ನೊಂದು ಸಂಗತಿ. ಚೋಳ ರಾಜೇಂದ್ರನಿಗೂ ಕಲ್ಯಾಣದ ಚಾಲುಕ್ಯರ ಎರಡನೆಯ ಜಯಸಿಂಹನಿಗೂ 1021ರ ಸುಮಾರಿಗೆ ಒಂದು ದೊಡ್ಡ ಕಾಳಗ ನಡೆಯಿತು. ಚೋಳರ ಶಾಸನಗಳಲ್ಲಿ ಆ ರಣಭೂಮಿಯ ಹೆಸರು ‘ಮುಶಂಗಿ’ ಎಂದಿದೆ. ಅದು ನಮ್ಮ ಮಸ್ಕಿಯೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಅದೇ ರಾಜೇಂದ್ರ 1025ರಲ್ಲಿ ಹಡಗುಗಳನ್ನು ಕಟ್ಟಿಕೊಂಡು ಶ್ರೀವಿಜಯದ ಮೇಲೆ, ಕಡಾರದ ಮೇಲೆ ದಂಡೆತ್ತಿ ಹೋದ. ಕಡಾರವೆಂದರೆ ಇಂದಿನ ಮಲೇಷ್ಯಾದ ಕೆಡಾ ಪ್ರಾಂತ.

ಇತ್ತ ಆ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು ಅದೇ 1025ರಲ್ಲಿ ಕನ್ನಡದಲ್ಲಿ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಬೇಸಾಯ, ವೈದ್ಯ, ಬಾವಿ ತೋಡುವುದು ಮುಂತಾದವುಗಳ ಜೊತೆಗೆ ಅಡಿಗೆಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅರಸರು ಕಾದಾಡುತ್ತಿದ್ದ ಕಾಲದಲ್ಲೂ ಕನ್ನಡದ ಪಂಡಿತನೊಬ್ಬ ಅಡಿಗೆಯನ್ನು ಲೋಕಕ್ಕೆ ಉಪಕಾರವಾಗುವ ವಿದ್ಯೆಯೆಂದು ಎಣಿಸಿದ್ದನ್ನು ನಾವು ನೆನೆಯಬೇಕು. ಆದರೆ ನಾವು ಇಂದು ಉಪವಾಸದ ದಿನ ತಿನ್ನುವ ಸಾಬೂದಾನಿ ಆ ಗ್ರಂಥದಲ್ಲಿ ಇರಲು ಸಾಧ್ಯವಿಲ್ಲ. ಏಕೆಂದರೆ ಅದನ್ನು ಮಾಡುವ ಗೆಣಸು ಆಗಿನ್ನೂ ನಮ್ಮ ದೇಶಕ್ಕೇ ಬಂದಿರಲಿಲ್ಲ.

ಮರದೊಳಗಿನ ಹಿಟ್ಟು

ಮೊದಲು ನಿಜವಾದ ಸಾಗು ಏನೆಂದು ನೋಡೋಣ. ಇಂಡೋನೇಷ್ಯಾ, ಮಲೇಷ್ಯಾ, ನ್ಯೂಗಿನಿಗಳ ಜೌಗು ನೆಲದಲ್ಲಿ ತಾಳೆಯ ಜಾತಿಯ ಒಂದು ಮರ ಬೆಳೆಯುತ್ತದೆ. ಅದು ಬಾಳಿನಲ್ಲಿ ಒಂದೇ ಬಾರಿ ಹೂ ಬಿಟ್ಟು ಸಾಯುವ ಮರ. ಆ ಒಂದು ಹೂವಿಗಾಗಿ ವರ್ಷಗಟ್ಟಲೆ ತನ್ನ ಕಾಂಡದ ತಿರುಳಿನಲ್ಲಿ ಹಿಟ್ಟನ್ನು ಕೂಡಿಡುತ್ತದೆ. ಹೂ ಬಿಡುವ ಮೊದಲೇ ಮರವನ್ನು ಕಡಿದು, ಸೀಳಿ, ತಿರುಳನ್ನು ಕೆರೆದು, ನೀರಿನಲ್ಲಿ ಕಲಸಿ ಸೋಸಿದರೆ ಹಿಟ್ಟು ತಳದಲ್ಲಿ ನಿಲ್ಲುತ್ತದೆ. ಒಂದು ಒಳ್ಳೆಯ ಮರದಿಂದ 150ರಿಂದ 300 ಕಿಲೋ ಹಿಟ್ಟು ದೊರೆಯುವುದುಂಟು. ಅಲ್ಲಿನ ಅನೇಕ ಜನರಿಗೆ ಅದು ಅನ್ನ. ನಮಗೆ ಜೋಳ ಹೇಗೋ ಹಾಗೆ. ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೊ 13ನೆಯ ಶತಮಾನದ ಕೊನೆಯಲ್ಲಿ ಸುಮಾತ್ರಾದಲ್ಲಿ ಈ ಮರದ ಹಿಟ್ಟನ್ನು ಕಂಡು ಬೆರಗಾಗಿ ಬರೆದಿದ್ದಾನೆ.

ಆ ಒದ್ದೆ ಹಿಟ್ಟನ್ನು ಮಣಿ ಮಣಿಯಾಗಿ ಉರುಳಿಸಿ, ಬಾಣಲೆಯಲ್ಲಿ ಬಾಡಿಸಿ ಒಣಗಿಸಿದರೆ ಬಹುಕಾಲ ಕೆಡದ ಸರಕಾಗುತ್ತದೆ. 19ನೆಯ ಶತಮಾನದಲ್ಲಿ ಮಲಾಕಾ ಮತ್ತು ಸಿಂಗಪುರಗಳಲ್ಲಿ ಚೀನೀ ಕುಶಲಕರ್ಮಿಗಳು ಈ ಉದ್ಯಮವನ್ನು ಬೆಳೆಸಿದರು. ಮುತ್ತಿನಂತಹ ಆ ಕಾಳು ಹಡಗು ಏರಿ ನಾನಾ ದೇಶಗಳಿಗೆ ಹೋಯಿತು.

ಅದು ಎಲ್ಲಿಂದ ಬಂತೆಂಬುದನ್ನು ನಮ್ಮ ಭಾಷೆಗಳು ಮರೆತಿಲ್ಲ. ನಮ್ಮ ಪಕ್ಕದ ತೆಲುಗರು ಅದನ್ನು ‘ಸಗ್ಗುಬಿಯ್ಯಂ’ ಎನ್ನುತ್ತಾರೆ. ಮಲಯದ ‘ಸಾಗು’ ಅದರಲ್ಲಿ ಹಾಗೆಯೇ ಉಳಿದಿದೆ. ತಮಿಳಿನ ‘ಜವ್ವರಿಸಿ’ ಎಂದರೆ ಜಾವಾ ದ್ವೀಪದ ಅಕ್ಕಿ. ಮರಾಠಿ, ಹಿಂದಿಗಳ ‘ಸಾಬೂದಾನಾ’ ಎಂಬುದರಲ್ಲಿ ಸಾಗುವಿಗೆ ಕಾಳು ಎಂಬರ್ಥದ ‘ದಾನಾ’ ಸೇರಿದೆ. ನಮ್ಮ ಉತ್ತರ ಕರ್ನಾಟಕದವರ ಸಾಬೂದಾನಿಯೂ ಅಲ್ಲಿಂದಲೇ ಬಂದದ್ದು. ಮೈಸೂರು ಸೀಮೆಯವರು ಅದಕ್ಕೆ ‘ಅಕ್ಕಿ’ಯ ಪದವಿಯನ್ನೇ ಕೊಟ್ಟು ಸಬ್ಬಕ್ಕಿ ಎಂದು ಕರೆದರು.

ಯುದ್ಧ ಬದಲಿಸಿದ ಪದಾರ್ಥ

ಹಾಗಾದರೆ ಇಂದು ನಮ್ಮ ಕಿರಾಣಿ ಅಂಗಡಿಯಲ್ಲಿ ದೊರೆಯುವ ಸಾಬೂದಾನಿ ಆ ಮರದ್ದೇ? ಅಲ್ಲ. ಅದು ಮರಗೆಣಸಿನದು. ಮರಗೆಣಸಿನ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಕಾಲದಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ತಿರುವಾಂಕೂರನ್ನು 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹೊಟ್ಟೆ ತುಂಬಲೆಂದು ಅದರ ಬೇಸಾಯಕ್ಕೆ ಉತ್ತೇಜನ ಕೊಟ್ಟರು.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿಯ ಜೊತೆಗೆ ಮಲಯದ ಸಾಗುವೂ ನಮ್ಮ ದೇಶಕ್ಕೆ ಬರುವುದು ನಿಂತಿತು. ಕೇರಳದಲ್ಲಿ ಹಸಿವು ನೀಗಿದ್ದು ಮರಗೆಣಸು. ತಮಿಳುನಾಡಿನ ಸೇಲಂನಲ್ಲಿ ಸುಮಾರು 1943ರಲ್ಲಿ ಮಾಣಿಕ್ಕಂ ಚೆಟ್ಟಿಯಾರ್ ಎಂಬ ವ್ಯಾಪಾರಿ, ಪೆನಾಂಗ್‌ನಲ್ಲಿದ್ದು ಈ ಕಸಬು ಬಲ್ಲ ಪೋಪಟ್‌ಲಾಲ್ ಷಾ ಅವರೊಂದಿಗೆ ಸೇರಿ ಮರಗೆಣಸಿನ ಹಿಟ್ಟಿನಿಂದಲೇ ಸಾಬೂದಾನಿ ಮಾಡಲು ತೊಡಗಿದರೆಂದು ಆ ಉದ್ಯಮದ ಚರಿತ್ರೆ ಹೇಳುತ್ತದೆ. ಗೆಣಸಿನ ಸಿಪ್ಪೆ ತೆಗೆದು, ಅರೆದು, ಹಾಲನ್ನು ಸೋಸಿ, ತಳಕ್ಕೆ ನಿಂತ ಹಿಟ್ಟನ್ನು ಬಟ್ಟೆಯಲ್ಲಿ ಹಾಕಿ ತೂಗಿದರೆ ಅದು ಕಾಳು ಕಾಳಾಗಿ ಉರುಳುತ್ತದೆ. ಅದನ್ನು ಬಾಡಿಸಿ ಬಿಸಿಲಿಗೆ ಒಣಗಿಸುತ್ತಾರೆ. ಮುಂದೆ ಈ ಉದ್ಯಮ ಸೇಲಂ ಸುತ್ತ ಬೆಳೆದು, 1981ರಲ್ಲಿ ‘ಸಾಗೋಸರ್ವ್’ ಎಂಬ ಸಹಕಾರಿ ಸಂಘವೂ ಸ್ಥಾಪನೆಯಾಯಿತು. ಸೇಲಂ ಜವ್ವರಿಸಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಅಂದರೆ ಹೆಸರು ಮಲಯದ್ದು, ಗೆಣಸು ಅಮೆರಿಕದ್ದು, ಕೈಕೆಲಸ ಸೇಲಂನದು. ಅದು ನಮ್ಮ ಮನೆಗೆ ಬಂದು ಏಕಾದಶಿಯ, ಶಿವರಾತ್ರಿಯ ಫಳಾರವಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಉಪವಾಸದ ದಿನ ನಮ್ಮ ಹೊಲದ ಜೋಳಕ್ಕೆ, ಸಿಂಧನೂರಿನ ಗದ್ದೆಯ ಅಕ್ಕಿಗೆ ಪ್ರವೇಶವಿಲ್ಲ. ಆದರೆ ಸಾಬೂದಾನಿಗೆ ಪ್ರವೇಶವಿದೆ. ಅದು ಧಾನ್ಯವಲ್ಲ ಎಂಬುದು ಕಾರಣ. ಆ ದಿನ ಮಾಡುವ ಸಾಬೂದಾನಿ ಖಿಚಡಿಯನ್ನು ನೋಡಿ. ಮರಗೆಣಸು, ಶೇಂಗಾ, ಆಲೂಗಡ್ಡೆ, ಹಸಿಮೆಣಸಿನಕಾಯಿ ಈ ನಾಲ್ಕೂ ಅಮೆರಿಕ ಖಂಡದಿಂದ ಬಂದವು. ಕೊಲಂಬಸ್ ಅತ್ತ ಹಡಗು ಬಿಟ್ಟದ್ದು 1492ರಲ್ಲಿ. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಯಾರೂ ಅವುಗಳ ರುಚಿ ನೋಡಿರಲಿಲ್ಲ. ಅತ್ಯಂತ ಮಡಿಯ ಒಲೆಯ ಮೇಲೆ ಇಂದು ಬೇಯುತ್ತಿರುವುದು ಅತ್ಯಂತ ದೂರದಿಂದ ಬಂದ ಪದಾರ್ಥಗಳು. ಇದನ್ನು ನಾನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಬಂದದ್ದನ್ನು ಬಾ ಎಂದು ಕರೆದು ಮನೆಯದಾಗಿ ಮಾಡಿಕೊಂಡ ನಮ್ಮ ಅಜ್ಜಿಯಂದಿರ ದೊಡ್ಡತನ ಇದರಲ್ಲಿ ಕಾಣುತ್ತದೆ.

ತೆಂಗಿಲ್ಲದ ನಾಡಿನ ಕಾಯಿ

ಇನ್ನು ಕಾಯಿಹಾಲಿನ ವಿಚಾರ. ತೆಂಗು ಯಾರದು? ಕೇರಳದವರು ತಮ್ಮದೆನ್ನುತ್ತಾರೆ, ಮಲಯದವರು ತಮ್ಮದೆನ್ನುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ವಂಶವಾಹಿ ಸಂಶೋಧನೆಯ ಪ್ರಕಾರ ಇಬ್ಬರ ಮಾತೂ ನಿಜ. ತೆಂಗನ್ನು ಮನುಷ್ಯ ಬೇರೆ ಬೇರೆಯಾಗಿ ಎರಡು ಕಡೆ ಸಾಕಿ ಬೆಳೆಸಿದ. ಒಂದು ದಕ್ಷಿಣ ಭಾರತ, ಸಿಂಹಳ, ಲಕ್ಷದ್ವೀಪ, ಮಾಲ್ದೀವ್‌ಗಳ ಕಡೆ. ಇನ್ನೊಂದು ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ.

ಕನ್ನಡ ನಾಡಿನಲ್ಲೂ ತೆಂಗಿರುವ ಕಡೆಯೆಲ್ಲ ಕಾಯಿಹಾಲಿನ ಸಿಹಿ ಇದೆ. ಮಂಡ್ಯ, ಹಾಸನದ ಕಡೆ ಒತ್ತುಶ್ಯಾವಿಗೆಗೆ ಬೆಲ್ಲ ಏಲಕ್ಕಿ ಬೆರೆಸಿದ ಕಾಯಿಹಾಲು ಸುರಿದು ತಿನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಬಾಳೆಹಣ್ಣನ್ನು ಕಾಯಿಹಾಲಿಗೆ ಹಾಕಿ ರಸಾಯನ ಮಾಡುತ್ತಾರೆ. ಕೊಂಕಣಿಗರು ಕಡಲೆಬೇಳೆ, ಬೆಲ್ಲ, ಕಾಯಿಹಾಲು ಸೇರಿಸಿ ಮಡ್ಗಣೆ ಮಾಡುತ್ತಾರೆ. ಅತ್ತ ಮಲೇಷ್ಯಾ, ಇಂಡೋನೇಷ್ಯಾಗಳ ‘ಚೆಂಡೋಲ್’ ಎಂಬುದು ಹಸಿರು ಬಣ್ಣದ ಅಕ್ಕಿಹಿಟ್ಟಿನ ಎಳೆಗಳನ್ನು ಕಾಯಿಹಾಲು ಬೆಲ್ಲದಲ್ಲಿ ಹಾಕಿದ ಸಿಹಿ. ಮಂಡ್ಯದವರ ಮುಂದೆ ಇಟ್ಟರೆ ‘ಇದೇನು, ನಮ್ಮ ಶ್ಯಾವಿಗೆಯಲ್ಲವೇ, ಬಣ್ಣವೇಕೆ ಹಾಕಿದಿರಿ’ ಎಂದಾರು. ಫಿಲಿಪೈನ್ಸ್, ವಿಯೆಟ್ನಾಂಗಳಲ್ಲೂ ಸಾಬೂದಾನಿಯಂತಹ ಮಣಿಗಳನ್ನು ಕಾಯಿಹಾಲಿನಲ್ಲಿ ಬೇಯಿಸುವ ಸಿಹಿಗಳಿವೆ.

ಆದರೆ ರಾಯಚೂರು ಜಿಲ್ಲೆ ತೆಂಗಿನ ನಾಡಲ್ಲ. ನಮ್ಮ ಹೋಳಿಗೆ, ಹುಗ್ಗಿ, ಸಜ್ಜಕಗಳಲ್ಲಿ ತೆಂಗು ಬಂದರೆ ಬಹುಮಟ್ಟಿಗೆ ಒಣಕೊಬ್ಬರಿಯ ತುರಿಯಾಗಿ ಬರುತ್ತದೆ. ಹಸಿ ಕಾಯಿ ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ದೇವರ ಮೂಲಕ. ಗುರುಗುಂಟದ ಅಮರೇಶ್ವರನಿಗೋ ಮಸ್ಕಿಯ ಮಲ್ಲಿಕಾರ್ಜುನನಿಗೋ ಒಡೆಸಿದ ಕಾಯಿಯ ಹೋಳು ಮನೆಗೆ ಬಂದರೆ ಅರ್ಧ ಚಟ್ನಿಗೆ, ಅರ್ಧ ಮಕ್ಕಳ ಕೈಗೆ. ಆದ್ದರಿಂದ ಕಾಯಿಹಾಲು ತೆಗೆಯುವ ಕೈರೂಢಿ ಇಲ್ಲಿ ಎಲ್ಲರಿಗೂ ಇಲ್ಲ. ‘ಒಡೆದುಹೋಗುತ್ತದೆ, ಗಂಜಿಯಾಗುತ್ತದೆ’ ಎಂಬ ಭಯವೂ ಉಂಟು. ಭಯಕ್ಕೆ ಕಾರಣ ತಿಳಿದರೆ ಭಯ ಉಳಿಯದು.

ಕಾಯಿಹಾಲು ಒಡೆಯುವುದೇಕೆ?

ಕಾಯಿಹಾಲೆಂದರೆ ನೀರಿನಲ್ಲಿ ತೇಲುವ ಎಣ್ಣೆಯ ಅತಿ ಸಣ್ಣ ಹನಿಗಳು. ಒಂದು ಹನಿ ಇನ್ನೊಂದಕ್ಕೆ ಸೇರದಂತೆ ಕಾಯಿಯಲ್ಲಿರುವ ಸಸಾರಜನಕ ಹನಿಗಳ ಸುತ್ತ ಕವಚದಂತೆ ನಿಂತಿರುತ್ತದೆ. ಜೋರಾಗಿ ಕುದಿಸಿದಾಗ ಆ ಸಸಾರಜನಕ ಗಟ್ಟಿಯಾಗಿ ಕವಚ ಹರಿಯುತ್ತದೆ. ಎಣ್ಣೆ ಮೇಲೆ, ನೀರು ಕೆಳಗೆ. ಇದನ್ನೇ ನಾವು ಒಡೆಯಿತು ಎನ್ನುವುದು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿದ್ದರೆ, ಅದನ್ನು ಕುದಿಯುವಾಗಲೇ ಬೆರೆಸಿದರೆ ಇನ್ನೂ ಬೇಗ ಒಡೆಯುತ್ತದೆ. ಆದ್ದರಿಂದ ನಿಯಮ ಎರಡೇ. ಗಟ್ಟಿ ಹಾಲನ್ನು ಕುದಿಸಬಾರದು. ಬೆಲ್ಲದ ಪಾಕವನ್ನು ಆರಿಸಿ ಸೇರಿಸಬೇಕು.

ಒಣಕೊಬ್ಬರಿಯಿಂದ ಈ ಹಾಲು ಬಾರದೇ ಎಂದು ಕೇಳಬಹುದು. ಬಿಸಿನೀರಿನಲ್ಲಿ ನೆನೆಸಿ ಅರೆದರೆ ಬಿಳಿಯ ನೀರೇನೋ ಬರುತ್ತದೆ. ಆದರೆ ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಎಣ್ಣೆಯೇ ಇರುತ್ತದೆ. ಅದು ಹನಿಯಾಗಿ ನಿಲ್ಲದೆ ಬೇಗ ಬೇರೆಯಾಗುತ್ತದೆ, ಕೊಬ್ಬರಿಯ ವಾಸನೆಯೂ ಹೋಗುವುದಿಲ್ಲ. ತಿಪಟೂರಿನ ಕೊಬ್ಬರಿ ಹೋಳಿಗೆಗೆ ಶ್ರೇಷ್ಠ. ಈ ಸಿಹಿಗೆ ಮಾತ್ರ ಬಲಿತ ಹಸಿ ಕಾಯಿಯೇ ಬೇಕು.

ಮಾಡುವ ಕ್ರಮ

ಆರು ಮಂದಿಗೆ ಬೇಕಾಗುವಷ್ಟು ಹೇಳುತ್ತೇನೆ. ಸಣ್ಣ ಸಾಬೂದಾನಿ 1 ಬಟ್ಟಲು, ಬಲಿತ ದೊಡ್ಡ ತೆಂಗಿನಕಾಯಿ 1, ಪುಡಿ ಮಾಡಿದ ಕಪ್ಪು ಬೆಲ್ಲ 1 ಬಟ್ಟಲು, ಏಲಕ್ಕಿ 4, ಚಿಟಿಕೆ ಉಪ್ಪು.

ಮೊದಲು ಬೆಲ್ಲ. ಅರ್ಧ ಬಟ್ಟಲು ನೀರಿನಲ್ಲಿ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ ಕಸ ತೆಗೆಯಿರಿ. ಮತ್ತೆ ಒಲೆಯ ಮೇಲಿಟ್ಟು ಜೇನಿಗಿಂತ ಸ್ವಲ್ಪ ತೆಳುವಾಗುವವರೆಗೆ ಕುದಿಸಿ, ಇಳಿಸಿ ಆರಲು ಬಿಡಿ. ಮಲಯದವರದು ತೆಂಗಿನ ಹೊಂಬಾಳೆಯ ರಸ ಕಾಯಿಸಿ ಮಾಡಿದ ಬೆಲ್ಲ. ಅದಕ್ಕೆ ಸ್ವಲ್ಪ ಹೊಗೆಯ ಘಮ ಇರುತ್ತದೆ. ನಮ್ಮಲ್ಲಿ ತಾಳೆಬೆಲ್ಲ ದೊರೆತರೆ ಅದಕ್ಕೆ ಹತ್ತಿರ. ಇಲ್ಲದಿದ್ದರೆ ಕಬ್ಬಿನ ಬೆಲ್ಲದಲ್ಲೇ ಕಪ್ಪಗಿನದು ಒಳ್ಳೆಯದು.

ಎರಡನೆಯದು ಸಾಬೂದಾನಿ. ದೊಡ್ಡ ಪಾತ್ರೆಯಲ್ಲಿ 8ರಿಂದ 10 ಬಟ್ಟಲು ನೀರನ್ನು ಕುದಿಸಿರಿ. ನೀರು ಮರಳುವಾಗ ಸಾಬೂದಾನಿಯನ್ನು ನೆನೆಸದೆ, ಉದುರಿಸುತ್ತ ಹಾಕಿ, ಬಿಡದೆ ಕೈಯಾಡಿಸಿರಿ. ತಣ್ಣೀರಿಗೆ ಹಾಕಿ ಒಲೆಗಿಟ್ಟರೆ ಕಾಳು ಕರಗಿ ಗಂಜಿಯಾಗುತ್ತದೆ. ಕುದಿಯುವ ನೀರಿಗೆ ಹಾಕಿದಾಗ ಮೇಲಿನ ಪದರ ಒಮ್ಮೆಗೇ ಬೆಂದು ಕಾಳನ್ನು ಹಿಡಿದಿಡುತ್ತದೆ. 15 ನಿಮಿಷದ ಹೊತ್ತಿಗೆ ಕಾಳು ಗಾಜಿನ ಮಣಿಯಂತಾಗಿ, ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ ಉಳಿದಿರುತ್ತದೆ. ಆಗ ಒಲೆ ಆರಿಸಿ ಮುಚ್ಚಳ ಮುಚ್ಚಿ 10 ನಿಮಿಷ ಬಿಡಿ. ಆ ಚುಕ್ಕೆಯೂ ತಾನಾಗಿ ಕರಗುತ್ತದೆ. ಚುಕ್ಕೆ ಹೋಗುವವರೆಗೆ ಕುದಿಸುತ್ತಲೇ ಇದ್ದರೆ ಹೊರಗಿನ ಭಾಗ ಅಂಟಾಗುತ್ತದೆ. ನಂತರ ಜಾಲರಿಯಲ್ಲಿ ಬಸಿದು, ಮೇಲೆ ಕುಡಿಯುವ ತಣ್ಣೀರು ಹುಯ್ದು ಲೋಳೆ ತೆಗೆಯಿರಿ. ಎಣ್ಣೆ ಸವರಿದ ಸಣ್ಣ ಬಟ್ಟಲುಗಳಲ್ಲಿ ತುಂಬಿ ಒಂದೆರಡು ಗಂಟೆ ತಂಪಿನಲ್ಲಿಟ್ಟರೆ ಇಡ್ಲಿಯಂತೆ ಗಟ್ಟಿಯಾಗಿ ನಿಲ್ಲುತ್ತದೆ.

ಕಾಯಿಹಾಲು ಕೊನೆಯಲ್ಲಿ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಕಾಯಿಹಾಲು ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಆದ್ದರಿಂದ ಬಡಿಸುವ ಹೊತ್ತಿಗೇ ತೆಗೆಯಬೇಕು. ಕಾಯಿಯನ್ನು ತುರಿದು, 1 ಬಟ್ಟಲು ಉಗುರುಬೆಚ್ಚಗಿನ ನೀರು ಹಾಕಿ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿರಿ. ಇದು ಮೊದಲ ಹಾಲು. ಚರಟಕ್ಕೆ ಮತ್ತೆ ಒಂದೂವರೆ ಬಟ್ಟಲು ನೀರು ಹಾಕಿ ಹಿಂಡಿದರೆ ಎರಡನೆಯ ಹಾಲು. ಈ ಸಿಹಿಗೆ ಮೊದಲ ಹಾಲು ಸಾಕು. ಅದಕ್ಕೆ ಚಿಟಿಕೆ ಉಪ್ಪು ಹಾಕಿ. ಸಿಹಿಗೆ ಉಪ್ಪೇ ಎನ್ನಬೇಡಿ. ಕಾಯಿಯ ರುಚಿ ಎದ್ದು ಬರುವುದೇ ಆ ಉಪ್ಪಿನಿಂದ. ಅಲ್ಲಿನವರು ಸುವಾಸನೆಗೆ ಪಾಂಡನ್ ಎಂಬ ಎಲೆ ಹಾಕುತ್ತಾರೆ. ಅದು ನಮ್ಮ ಕೇದಿಗೆಯ ಬಳಗದ್ದು. ಬಾಸುಮತಿ ಅಕ್ಕಿಯ ಘಮಕ್ಕೆ ಕಾರಣವಾದ ವಸ್ತುವೇ ಆ ಎಲೆಯಲ್ಲೂ ಇದೆ. ಹಟ್ಟಿಯ ಸಂತೆಯಲ್ಲಿ ಅದನ್ನು ಹುಡುಕುವುದು ಬೇಡ, ಏಲಕ್ಕಿ ಸಾಕು.

ಬಡಿಸುವಾಗ ಸಾಬೂದಾನಿಯ ಗುಡ್ಡೆಯನ್ನು ತಟ್ಟೆಗೆ ಬೋರಲು ಹಾಕಿ, ಮೇಲೆ ಕಾಯಿಹಾಲು, ಅದರ ಮೇಲೆ ಬೆಲ್ಲದ ಪಾಕ ಹುಯ್ಯಿರಿ. ಮೂರನ್ನೂ ಮೊದಲೇ ಕಲಸುವುದಿಲ್ಲ. ತಿನ್ನುವವರೇ ಕಲಸಿಕೊಳ್ಳುತ್ತಾರೆ. ಮಲಾಕಾದ ಕ್ರಮ ಇದು.

ನಮ್ಮ ಪಾಯಸದ ಕ್ರಮವೇ ಬೇಕೆನ್ನುವವರು ಸಾಬೂದಾನಿಯನ್ನು ಕುದಿಯುವ ನೀರಿನಲ್ಲಿ ಮುಕ್ಕಾಲು ಬೇಯಿಸಿ ಬಸಿದು, ಎರಡನೆಯ ತೆಳು ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಪೂರ್ತಿ ಬೇಯಿಸಲಿ. ಒಲೆಯಿಂದ ಇಳಿಸಿ, ಬಿಸಿ ತಗ್ಗಿದ ಮೇಲೆ ಪಾಕ, ಕೊನೆಗೆ ಮೊದಲ ಹಾಲು, ಏಲಕ್ಕಿ ಪುಡಿ ಸೇರಿಸಲಿ. ಒಂದು ಹನಿಯೂ ಒಡೆಯುವುದಿಲ್ಲ. ಕಾಯಿಯ ಬೆಲೆ ಏರಿದ ಕಾಲದಲ್ಲಿ ಎರಡೂ ಹಾಲು ಬಳಕೆಯಾಗುವ ಈ ಕ್ರಮವೇ ಲೇಸು. ಉಳಿದ ಚರಟವನ್ನು ಎಸೆಯದೆ ಹುರಿದು ಚಟ್ನಿಪುಡಿಗೆ ಬೆರೆಸಬಹುದು.

ಎಚ್ಚರಿಕೆಯ ಮಾತು

ರುಚಿಯ ಮಾತಾಡಿದ ಮೇಲೆ ಆರೋಗ್ಯದ ಮಾತನ್ನೂ ಆಡಬೇಕು. ನಮ್ಮಲ್ಲಿ ಮಗುವಿಗೆ ಜ್ವರ ಬಂದರೆ, ಹೊಟ್ಟೆ ಕೆಟ್ಟರೆ ಸಾಬೂದಾನಿ ಗಂಜಿ ಕೊಡುವ ರೂಢಿ. ಬೇಗ ಅರಗುತ್ತದೆ, ಕೊಡಲಿ. ಆದರೆ ಮಗು ಗುಣವಾದ ಮೇಲೂ ‘ಇದು ತಾಕತ್ತಿನ ಆಹಾರ’ ಎಂದು ಅದನ್ನೇ ಮುಂದುವರಿಸುವ ಮನೆಗಳಿವೆ. ಸಾಬೂದಾನಿ ಬಹುತೇಕ ಬರೀ ಪಿಷ್ಟ. 100 ಗ್ರಾಂನಲ್ಲಿ ಸುಮಾರು 350 ಕ್ಯಾಲೊರಿ ಇದೆ, ಸಸಾರಜನಕ ಒಂದು ಗ್ರಾಂ ಕೂಡ ಇಲ್ಲ. ಮಗು ದುಂಡಗೆ ಕಾಣಬಹುದು, ಮಾಂಸ ಮೂಳೆ ಬೆಳೆಯುವುದಿಲ್ಲ. ಅದರ ಜೊತೆಗೆ ಹೆಸರುಬೇಳೆ, ಶೇಂಗಾಪುಡಿ, ಹಾಲು, ಮೊಟ್ಟೆ ಇವುಗಳಲ್ಲಿ ನಿಮ್ಮ ಮನೆಗೆ ಒಗ್ಗುವುದನ್ನು ಕೊಡಲೇಬೇಕು. ಕೇಂದ್ರ ಸರಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರೂ ಒಂದು. ನಮ್ಮ ಮಕ್ಕಳ ಆರೋಗ್ಯ ಸುಧಾರಿಸಬೇಕಿದೆ ಎಂಬುದೇ ಅದಕ್ಕೆ ಒಂದು ಕಾರಣ. ಆದ್ದರಿಂದ ಇದು ಸಣ್ಣ ಮಾತಲ್ಲ.

ಕಾಯಿಹಾಲಿನಲ್ಲಿ ಕೊಲೆಸ್ಟರಾಲ್ ಇಲ್ಲ, ನಿಜ. ಆದರೆ ಅದರ ಕೊಬ್ಬು ಹೆಚ್ಚಾಗಿ ಗಟ್ಟಿ ಜಾತಿಯದು, ಮಿತಿ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಸಾಬೂದಾನಿಯೂ ಬೆಲ್ಲವೂ ಒಟ್ಟಿಗೆ ಒಳ್ಳೆಯದಲ್ಲ. ಬೆಲ್ಲವಲ್ಲವೇ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ.

ನಮ್ಮದು ಯಾವುದು?

ಕೊನೆಯದಾಗಿ ಒಂದು ಮಾತು. ನಮ್ಮ ಈ ಮೂರು ತಾಲ್ಲೂಕುಗಳು ಹೊರಗಿನಿಂದ ಬಂದವರಿಂದಲೂ ಬೆಳೆದವು. ಹಟ್ಟಿಯ ಗಣಿಗೆ ಕೆಲಸ ಹುಡುಕಿ ನಾನಾ ಜಿಲ್ಲೆ, ನಾನಾ ರಾಜ್ಯಗಳವರು ಬಂದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಕಡೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರೊಂದಿಗೆ ಸಗ್ಗುಬಿಯ್ಯಂ ಪಾಯಸವೂ ಬಂತು. 1960ರ ದಶಕದ ಕೊನೆಯಲ್ಲಿ, 1970ರ ದಶಕದ ಆರಂಭದಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳನ್ನು ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಲಾಯಿತು. ಆರ್.ಎಚ್. ಕ್ಯಾಂಪ್ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು.

ಬಂಗಾಳಿಗಳಿಗೆ ಮಕರ ಸಂಕ್ರಾಂತಿ ದೊಡ್ಡ ಅಡಿಗೆಯ ಹಬ್ಬ. ಅಕ್ಕಿಹಿಟ್ಟಿನ ಸಣ್ಣ ಕಡುಬಿಗೆ ಕಾಯಿತುರಿ ಬೆಲ್ಲದ ಹೂರಣ ತುಂಬಿ ಹಾಲಿನಲ್ಲಿ ಬೇಯಿಸುವ ‘ದುಧ್ ಪುಲಿ’ ಆ ದಿನದ ಸಿಹಿ. ಅದೇ ಸಂಕ್ರಾಂತಿಗೆ ನಾವು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತೇವೆ. ಹಬ್ಬ ಒಂದೇ, ತಟ್ಟೆ ಬೇರೆ. ತೆಂಗು ತೂಗುವ ನಾಡಿನಲ್ಲಿ ಹುಟ್ಟಿದ ಅಜ್ಜಿ ತೆಂಗಿಲ್ಲದ ಈ ಕಪ್ಪು ನೆಲಕ್ಕೆ ಬಂದು, ಸಂತೆಯಿಂದ ಒಂದು ಕಾಯಿ ತಂದು ಹಬ್ಬದ ಸಿಹಿ ಮಾಡಿದ್ದು ತನ್ನ ಮಕ್ಕಳಿಗೆ ತಾವು ಯಾರೆಂಬುದನ್ನು ನೆನಪಿಸಲು. ಐವತ್ತು ವರ್ಷ ಮೀರಿದ ಮೇಲೂ ಅವರನ್ನು ‘ಹೊರಗಿನವರು’ ಎನ್ನುವ ನಾಲಗೆಗಳಿವೆ. ಆ ನಾಲಗೆಯೇ ಶಿವರಾತ್ರಿಯ ದಿನ ಮಲಯದ ಹೆಸರಿನ, ಅಮೆರಿಕದ ಗೆಣಸಿನ, ಸೇಲಂನ ಕಾಳನ್ನು ಸವಿಯುತ್ತದೆ. ಒಂದು ಕಾಳಿಗೆ ನಾವು ಕೊಟ್ಟ ಮಾನವನ್ನು ಮನುಷ್ಯರಿಗೆ ಕೊಡಲು ಏಕೆ ಇಷ್ಟು ತಡ ಎಂದು ನಾನು ಕೇಳಬಯಸುತ್ತೇನೆ.

ಹಳೆಯದೆಂದರೆ ಎಂದೂ ಊರು ಬಿಟ್ಟು ಹೋಗದ್ದು ಎಂದಲ್ಲ. ಸಾಗು, ಬೆಲ್ಲ, ಕಾಯಿ, ಹೆಸರು ಎಲ್ಲವೂ ಪ್ರಯಾಣ ಮಾಡಿದವು. ಒಬ್ಬ ತಾಯಿ ಅಳತೆ ಕಲಿತು ಮಗಳಿಗೆ ಹೇಳಿಕೊಟ್ಟಲ್ಲೆಲ್ಲ ಅವು ಸಂಪ್ರದಾಯವಾದವು. ಅಳತೆ ಹೇಳಿಕೊಡುವವರು ಇಲ್ಲದಾದ ದಿನ, ನೂರಾರು ವರ್ಷದ ಅಡಿಗೆಯೂ ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಎರಡು. ಈ ಬಾರಿಯ ಏಕಾದಶಿಗೆ ಖಿಚಡಿಯ ಜೊತೆ ಈ ಸಿಹಿಯನ್ನೂ ಮಾಡಿ, ಪಕ್ಕದ ಕ್ವಾರ್ಟರ್ಸಿನವರಿಗೆ ಒಂದು ಬಟ್ಟಲು ಕಳುಹಿಸಿ. ಅವರ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ, ಹೇಗೆ ಮಾಡುತ್ತಾರೆ ಎಂದು ಕೇಳಿ ತಿಳಿಯಿರಿ. ಎರಡನೆಯದು, ನಿಮ್ಮ ಮನೆಯ ಹಿರಿಯರು ‘ಕಣ್ಣಳತೆ’ ಎಂದು ಹೇಳಿ ಮಾಡುವ ಒಂದೊಂದು ಅಡಿಗೆಯನ್ನು ಅವರ ಪಕ್ಕ ನಿಂತು, ಬಟ್ಟಲಿನಲ್ಲಿ ಅಳೆದು, ಮಕ್ಕಳ ಹಳೆಯ ನೋಟುಪುಸ್ತಕದಲ್ಲಾದರೂ ಬರೆದಿಡಿ. ಸಾವಿರ ವರ್ಷದ ಹಿಂದೆ ಚಾವುಂಡರಾಯ ಮಾಡಿದ ಕೆಲಸ ಅದೇ.